ಸೊಂಟದ ಮೇಲಿನ ಕಲ್ಲು

ಹೇಳಿ ನೋಡೋಣ, ಏನಾಗಿರಬಹುದು? ಬೆಳಿಗ್ಗೆ ಎತ್ತಿನ ಗಾಡಿಯ ಮೇಲೆ ಬಂದ ಕಲ್ಲು. ಕುಂಬಳಕಾಯಿಯಷ್ಟು ಗಾತ್ರ, ಅಷ್ಟೇ. ಅದನ್ನು ಗಾಡಿಯಿಂದ ಇಳಿಸುವುದಕ್ಕೆ ನಾಲ್ಕು ಜನ ಹಮಾಲರು ಬೇಕಾದರು, ನಾಲ್ವರೂ ಇಳಿಸಿದ ಮೇಲೆ ಸೊಂಟ ಹಿಡಿದುಕೊಂಡು ನಿಂತರು. ಅದೇ ಕಲ್ಲು ಮಧ್ಯಾಹ್ನದ ಹೊತ್ತಿಗೆ ಹದಿಮೂರು ವರ್ಷದ ಒಂದು ಹುಡುಗಿಯ ಸೊಂಟದ ಮೇಲೆ ಕೂತುಕೊಂಡು ಹೊರಟುಹೋಯಿತು. ಉಳಿ ತಾಕಿಸಿರಲಿಲ್ಲ, ಸುತ್ತಿಗೆ ತಾಕಿಸಿರಲಿಲ್ಲ, ಒಂದು ಚೂರೂ ಉದುರಿರಲಿಲ್ಲ. ಊಹಿಸಿ. ಅವಸರವೇನಿಲ್ಲ. ನಾನು ನಿವೃತ್ತ, ನನ್ನ ಹತ್ತಿರ ಈಗ ಹೊತ್ತೂ ಬೇಕಾದಷ್ಟಿದೆ, ಮಾತೂ ಬೇಕಾದಷ್ಟಿದೆ.

ಮಂತ್ರ ಅಂದಿರಾ? ಅಲ್ಲ. ಕಲ್ಲು ಬದಲಾಯಿಸಿದರು ಅಂದಿರಾ? ಅದೂ ಅಲ್ಲ. ಹುಡುಗಿಯ ಮೈಯಲ್ಲಿ ಯಾವುದೋ ಶಕ್ತಿ ಬಂತು ಅನ್ನುತ್ತೀರಿ, ಮುಖ ನೋಡಿದರೇ ಗೊತ್ತಾಗುತ್ತದೆ. ಪಾಪ, ಆ ಹುಡುಗಿಯ ಮೈಯಲ್ಲಿ ಅವತ್ತು ನೆಟ್ಟಗೆ ನಿಲ್ಲುವ ಶಕ್ತಿಯೂ ಇರಲಿಲ್ಲ. ಸರಿ, ಬಿಡಿ. ಮೊದಲಿನಿಂದ ಹೇಳುತ್ತೇನೆ.

ನಮ್ಮ ಊರು ದಣಿದವರ ಊರು. ಹೊಸಬರು ಬಂದರೆ ಮೊದಲು ನೋಡುವುದು ನಮ್ಮ ಕುತ್ತಿಗೆಗಳನ್ನು. ಎಲ್ಲರದೂ ಸ್ವಲ್ಪ ಒಳಕ್ಕೆ ಹೋಗಿರುತ್ತದೆ. ಯಾಕೆಂದರೆ ನಮ್ಮಲ್ಲಿ ಮನೆಯಲ್ಲೊಬ್ಬರು ತೀರಿಕೊಂಡರೆ, ಉಳಿದವರಲ್ಲಿ ಯಾರ ಎದೆ ಹೆಚ್ಚು ಕಟ್ಟಿಕೊಂಡಿದೆಯೋ ಅವರ ಕೈಗೆ ಕಲ್ಲಜ್ಜಿ ಅನ್ನುವ ಮುದುಕಿ ಹೊಳೆಯಿಂದ ಒಂದು ಕಲ್ಲು ತಂದು ಕೊಡುತ್ತಾಳೆ. ಕಲ್ಲಜ್ಜಿಗೆ ಅದು ಹೇಗೆ ಗೊತ್ತಾಗುತ್ತದೋ ನನಗೆ ತಿಳಿಯದು. ಜೋರಾಗಿ ಅಳುವವರನ್ನು ದಾಟಿಕೊಂಡು ಹೋಗಿ ಮೂಲೆಯಲ್ಲಿ ಸುಮ್ಮನೆ ಕೂತವರ ಮಡಿಲಲ್ಲಿ ಇಟ್ಟುಬಿಡುತ್ತಾಳೆ. ಕಲ್ಲಿನ ಗಾತ್ರ ಎಂದೂ ಬದಲಾಗುವುದಿಲ್ಲ. ತೂಕ ಬದಲಾಗುತ್ತದೆ. ಹೊತ್ತವರು ಆ ಸಾವಿನ ಬಗ್ಗೆ ಮನಸ್ಸಿನಲ್ಲಿ ಏನು ಅಂದುಕೊಂಡಿದ್ದಾರೋ ಅಷ್ಟು ತೂಕ. ಅಂದುಕೊಂಡದ್ದು ಪೂರಾ ನಿಜವಾದರೆ ಕಲ್ಲು ತನ್ನ ತೂಕಕ್ಕೆ ನಿಲ್ಲುತ್ತದೆ. ನಿಜವಲ್ಲದ್ದು ಬೆರೆತಿದ್ದರೆ ದಿನದಿನಕ್ಕೆ ಏರುತ್ತಲೇ ಹೋಗುತ್ತದೆ.

ಹಾಗಂತ ಸುಳ್ಳು ಸಮಾಧಾನ ಹೇಳಿಕೊಂಡರೆ ಹಗುರವಾಗುತ್ತದೆಯೆ? ಇಲ್ಲ. ಒಬ್ಬ ಯಜಮಾನ ಹೆಂಡತಿ ತೀರಿಕೊಂಡ ಮೇಲೆ ಕಲ್ಲನ್ನು ತೂಗಿಸಲು ತಂದು, ಅವಳೆಂದರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೇ ಅಂತ ಮೀಸೆ ತಿರುವಿ ಹೇಳಿದ. ಕಲ್ಲು ತೂಗುವ ತಕ್ಕಡಿಯ ತಟ್ಟೆ ಅವನ ಕಾಲ ಹೆಬ್ಬೆರಳ ಮೇಲೆ ಬಂದು ಕೂತಿತು. ಆರು ವಾರ ಕುಂಟಿದ.

ಬೇರೆಯವರು ಸಮಾಧಾನ ಹೇಳಿದರೆ? ಅದು ಇನ್ನೂ ಕೆಡುಕು. ಬೇರೆಯವರ ಮಾತು ಕಲ್ಲಿನ ಮೇಲೆ ಇನ್ನೊಂದು ಕಲ್ಲಾಗಿ ಕೂರುತ್ತದೆ. ಅದಕ್ಕೇ ನಮ್ಮ ಊರಿನಲ್ಲಿ ಸಾವಿನ ಮನೆಗೆ ಹೋದವರು ಬಾಯಿ ಬಿಡುವುದಿಲ್ಲ. ಹೋಗುತ್ತಾರೆ, ಜಗಲಿಯ ಮೇಲೆ ಕೂರುತ್ತಾರೆ, ಎದ್ದು ಬರುತ್ತಾರೆ. ಇನ್ನೊಂದು ಪದ್ಧತಿಯೂ ಇತ್ತು. ತೀರಿಕೊಂಡ ದಿನದ, ಅದರ ಆಸುಪಾಸಿನ ದಿನಗಳ ಹೆಸರನ್ನು ಯಾರೂ ಬಾಯಲ್ಲಿ ಆಡುತ್ತಿರಲಿಲ್ಲ. ಸೋಮವಾರ ಅನ್ನಬಾರದು, ತಿಥಿ ಅನ್ನಬಾರದು. ಹೆಸರು ಹಿಡಿದು ಕರೆದರೆ ಆ ದಿನ ತಿರುಗಿ ಬರುತ್ತದೆ ಅಂತ ನಂಬಿಕೆ. ‘ಅವತ್ತು’ ಅನ್ನಬೇಕು, ಅಷ್ಟೇ. ಈ ಪದ್ಧತಿಯನ್ನು ನೆನಪಿಟ್ಟುಕೊಳ್ಳಿ.

ಕಲ್ಲು ಹೊತ್ತವರು ದಿನಾ ಬೆಳಿಗ್ಗೆ ತೂಕದ ಮನೆಗೆ ಬರಬೇಕು. ಹೊಸ್ತಿಲಲ್ಲಿ ಕಾಲು ತೊಳೆಯಬೇಕು. ಕಲ್ಲನ್ನು ಎಡದ ತಟ್ಟೆಯಲ್ಲಿ ಇಡಬೇಕು. ಆಗ ತೂಕದವನು ಕೇಳುತ್ತಾನೆ: ಕಲ್ಲು ಏನನ್ನುತ್ತದೆ? ಅವರು ಹೇಳುತ್ತಾರೆ. ತೂಕದವನು ಬಲದ ತಟ್ಟೆಯಲ್ಲಿ ಕಬ್ಬಿಣದ ಗುಂಡುಗಳನ್ನು ಇಡುತ್ತಾನೆ. ಒಂದೊಂದು ಗುಂಡೂ ತುಂಬಿದ ಒಂದು ಕೊಡ ನೀರಿನ ತೂಕ, ಅದಕ್ಕೇ ಅದಕ್ಕೆ ಕೊಡ ಅಂತಲೇ ಹೆಸರು. ಇಷ್ಟು ಕೊಡ ಅಂತ ಕೂಗುತ್ತಾನೆ. ಅವರು ಕಲ್ಲನ್ನು ಹೊತ್ತುಕೊಂಡು ಮನೆಗೆ ಹೋಗುತ್ತಾರೆ. ಮರುದಿನ ಮತ್ತೆ ಹೊಸ್ತಿಲು, ಮತ್ತೆ ನೀರು, ಮತ್ತೆ ತಟ್ಟೆ, ಮತ್ತೆ ಅದೇ ಪ್ರಶ್ನೆ.

ಮೂರನೆಯ ಅಮಾವಾಸ್ಯೆಯ ಹೊತ್ತಿಗೂ ಯಾರಿಗೆ ತಮ್ಮ ಕಲ್ಲನ್ನು ತಾವೇ ಎತ್ತಲಾಗುವುದಿಲ್ಲವೋ ಅವರನ್ನು ಕಲ್ಲಿನ ಜೊತೆಗೆ ಕೂತವರ ಬಯಲಿಗೆ ಕಳಿಸುತ್ತಾರೆ. ಊರಾಚೆ ಇದೆ ಆ ಬಯಲು. ಅಲ್ಲಿ ಜನ ತಮ್ಮ ತಮ್ಮ ಕಲ್ಲಿನ ಪಕ್ಕದಲ್ಲಿ ಕೂತಿರುತ್ತಾರೆ. ಸಾಯುವುದಿಲ್ಲ. ಊರಿನವರು ಗಂಜಿ ತೆಗೆದುಕೊಂಡು ಹೋಗುತ್ತಾರೆ, ಕುಡಿಯುತ್ತಾರೆ. ಕರೆದರೆ ತಿರುಗಿ ನೋಡುತ್ತಾರೆ. ಏಳುವುದಿಲ್ಲ. ಬಯಲಿಗೆ ಹೋಗಿ ಎದ್ದು ಬಂದವರನ್ನು ನಾನಂತೂ ಕಾಣೆ.

ಆ ತೂಕದವನು ನಾನು. ಮೂವತ್ತೊಂದು ವರ್ಷ. ಪಕ್ಕದ ಊರಿನ ಕಾಲೇಜಿನಲ್ಲಿ ತರ್ಕಶಾಸ್ತ್ರ ಓದಿ, ಡಿಗ್ರಿ ಕಾಗದವನ್ನು ಸುರುಳಿ ಸುತ್ತಿಕೊಂಡು ಬಂದವನನ್ನು ಹಿಂದಿನ ತೂಕದವನು ಹೊಸ್ತಿಲಲ್ಲೇ ನಿಲ್ಲಿಸಿ, ಮಾತು ಬಲ್ಲೆಯಾ ಅಂತ ಕೇಳಿದ. ನಾನು ಅರ್ಧ ಗಂಟೆ ಉತ್ತರ ಹೇಳಿದೆ. ಅವನು ಪೂರಾ ಕೇಳಿಸಿಕೊಂಡು, ತೂಕ ಕೂಗುವುದು ಬಿಟ್ಟರೆ ಇನ್ನು ಮೇಲೆ ಈ ಮನೆಯೊಳಗೆ ನೀನು ಪ್ರಶ್ನೆ ಮಾತ್ರ ಕೇಳಬಹುದು ಅಂದ. ತೂಕದವನು ತಕ್ಕಡಿಯ ದಂಡಿಯ ಕೆಳಗೇ ಕೂತಿರುವುದರಿಂದ ಅವನು ಹೇಳಿದ ಒಂದೊಂದು ಮಾತೂ ನೇರ ತಟ್ಟೆಗೇ ಬೀಳುತ್ತದೆ, ಬೇರೆಯವರ ಮಾತಿಗಿಂತ ಎರಡು ಪಟ್ಟು. ಪ್ರಶ್ನೆಗೆ ಮಾತ್ರ ತೂಕವಿಲ್ಲ.

ಹುಟ್ಟಾ ವಾಚಾಳಿಯಾದ ನನಗೆ ಇದಕ್ಕಿಂತ ಶಿಕ್ಷೆ ಬೇಕೆ? ಮೂವತ್ತೊಂದು ವರ್ಷ ಪ್ರಶ್ನೆ ಕೇಳಿ ಕೇಳಿ ಮನೆಯಲ್ಲೂ ಅದೇ ಅಭ್ಯಾಸವಾಯಿತು. ಅನ್ನ ಬಡಿಸಲಾ ಅಂದರೆ ಯಾಕೆ ಅಂತ ಕೇಳುವ ಗಂಡ ಇಡೀ ಸೀಮೆಯಲ್ಲಿ ನನಗೊಬ್ಬಳಿಗೇ ಸಿಕ್ಕಿದ್ದು ಅಂತ ನನ್ನ ಹೆಂಡತಿ ಬಂದವರಿಗೆಲ್ಲ ಹೇಳುತ್ತಿದ್ದಳು. ಈಗ ನಿವೃತ್ತನಾಗಿದ್ದೇನೆ. ಈಗ ಹೇಳುತ್ತೇನೆ, ಹೇಳುತ್ತಲೇ ಇರುತ್ತೇನೆ. ಎಂಥ ಸುಖ ಗೊತ್ತೇ ಇದು.

ಹುಡುಗಿಯ ವಿಷಯಕ್ಕೆ ಬಂದೆ.

ಅವಳು ರೊಟ್ಟಿ ಮಾರುವವಳ ಹಿರಿಯ ಮಗಳು. ರೊಟ್ಟಿಯವಳಿಗೆ ಇಬ್ಬರೇ ಹೆಣ್ಣುಮಕ್ಕಳು, ಇವಳು ಮತ್ತು ಮೂರು ತುಂಬಿ ನಾಲ್ಕಕ್ಕೆ ಬಿದ್ದಿದ್ದ ಚಿಕ್ಕವಳು. ಚಿಕ್ಕವಳಿಗೆ ಕಾಲಿದ್ದವು, ಆದರೆ ಅವನ್ನು ಬಳಸುವ ಮನಸ್ಸಿರಲಿಲ್ಲ. ಅಕ್ಕ ಎಲ್ಲಿ ಹೊರಟರೂ ಎರಡು ಕೈ ಮೇಲೆತ್ತಿ ‘ಎತ್ಕೋ’ ಅನ್ನುತ್ತಿದ್ದಳು. ಅಕ್ಕ ಸೊಂಟದ ಮೇಲೆ ಏರಿಸಿಕೊಳ್ಳುತ್ತಿದ್ದಳು. ಬೀದಿಯಲ್ಲಿ ಆ ಹುಡುಗಿ ಒಬ್ಬಳೇ ನಡೆದದ್ದನ್ನು ನಾನು ನೋಡಿದ ನೆನಪಿಲ್ಲ. ಒಂದು ಸೊಂಟ ಸದಾ ಒಂದು ಪಕ್ಕಕ್ಕೆ ಓರೆಯಾಗಿಯೇ ಇರುತ್ತಿತ್ತು.

ಆಷಾಢದಲ್ಲಿ ಚಿಕ್ಕವಳು ಜ್ವರ ಬಂದು ಹೋದಳು. ಕಲ್ಲಜ್ಜಿ ಬಂದಳು, ಎದೆ ಬಡಿದುಕೊಳ್ಳುತ್ತಿದ್ದ ತಾಯಿಯನ್ನು ದಾಟಿ ಒಳಗೆ ಹೋದಳು, ಹಿಟ್ಟಿನ ಡಬ್ಬದ ಹಿಂದೆ ಕೂತಿದ್ದ ಹುಡುಗಿಯ ಮಡಿಲಲ್ಲಿ ಕಲ್ಲು ಇಟ್ಟಳು.

ಮರುದಿನ ಹುಡುಗಿ ತೂಕದ ಮನೆಗೆ ಬಂದಳು. ಕಾಲು ತೊಳೆದಳು. ಕಲ್ಲು ಇಟ್ಟಳು. ಕಲ್ಲು ಏನನ್ನುತ್ತದೆ ಅಂತ ನಾನು ಕೇಳಿದೆ.

“ಅವತ್ತು ಕೆರೆಯಿಂದ ಬರುವಾಗ ನಾನು ಅವಳನ್ನು ಇಳಿಸಿದೆ. ತುಂತುರು ಬೀಳ್ತಿತ್ತು. ಎತ್ಕೋ ಅಂದಳು, ನಾನು ಎತ್ತಲಿಲ್ಲ. ಅದಕ್ಕೇ ಹೋದಳು.”

ಮೂರು ಕೊಡ.

ಮರುದಿನ ಅದೇ ಹೊಸ್ತಿಲು, ಅದೇ ನೀರು, ಅದೇ ತಟ್ಟೆ. ಕಲ್ಲು ಏನನ್ನುತ್ತದೆ? ಅವತ್ತು ಇಳಿಸಿದೆ, ಅದಕ್ಕೇ ಹೋದಳು. ಮೂರೂವರೆ ಕೊಡ. ಮೊದಲನೆಯ ಅಮಾವಾಸ್ಯೆ ಕಳೆಯಿತು, ಐದು. ಶ್ರಾವಣ ಕಳೆಯಿತು, ಎಂಟು. ತಲೆಯ ಮೇಲೆ ಹೊರುವುದು ಹೋಗಿ ಬೆನ್ನ ಮೇಲೆ ಬಂತು, ಬೆನ್ನು ಹೋಗಿ ತಾಯಿ ಮಗಳು ಇಬ್ಬರೂ ಗೋಣಿತಟ್ಟಿನ ಮೇಲಿಟ್ಟು ಎಳೆದುಕೊಂಡು ಬರುವುದಾಯಿತು. ನಾನು ಕೇಳಬಹುದಾದದ್ದನ್ನೆಲ್ಲ ಕೇಳಿದೆ. ನೀನು ಬೇಕಂತ ಮಾಡಿದೆಯಾ? ಗೊತ್ತಿಲ್ಲ ಅಜ್ಜಾ. ತುಂತುರಿನಲ್ಲಿ ನೆಂದವರೆಲ್ಲ ಸಾಯುತ್ತಾರೆಯೆ? ಗೊತ್ತಿಲ್ಲ ಅಜ್ಜಾ, ಅವಳು ಸತ್ತಳು. ಪ್ರತಿ ಪ್ರಶ್ನೆಯೂ ಗೋಡೆಗೆ ಎಸೆದ ಚೆಂಡಿನ ಹಾಗೆ ನನ್ನ ಕಡೆಗೇ ತಿರುಗಿ ಬರುತ್ತಿತ್ತು.

ಆಮೇಲೆ ನಾನು ತಪ್ಪು ಮಾಡಿದೆ. ಮೂವತ್ತೊಂದು ವರ್ಷದಲ್ಲಿ ಒಂದೇ ತಪ್ಪು. ಎರಡನೆಯ ಅಮಾವಾಸ್ಯೆ ಕಳೆದಿತ್ತು. ಹುಡುಗಿಯ ಅಂಗೈ ಗೋಣಿತಟ್ಟು ಎಳೆದು ಎಳೆದು ಕಿತ್ತುಹೋಗಿತ್ತು. ಆ ಕೈಗಳನ್ನು ನೋಡಿದೆ, ನೋಡಬಾರದಾಗಿತ್ತು. ಬಾಯಿಂದ ಮಾತು ಬಿದ್ದುಹೋಯಿತು.

“ನಿನ್ನ ತಪ್ಪೇನೂ ಇಲ್ಲ, ಮಗಳೇ.”

ತಟ್ಟೆ ನೆಲಕ್ಕೆ ಬಡಿಯಿತು, ಹಗ್ಗ ಕಿತ್ತಿತು. ಹುಡುಗಿ ನನ್ನನ್ನು ನೋಡಿದಳು. ಇದ್ದ ಒಬ್ಬನೂ ಕೈಬಿಟ್ಟ ಅನ್ನುವಂಥ ನೋಟ. ಅಲ್ಲಿಂದ ಮುಂದೆ ಆ ಕಲ್ಲನ್ನು ಎಳೆಯುವುದಕ್ಕೂ ಆಗಲಿಲ್ಲ. ಗಾಡಿ ಬಂತು, ಹಮಾಲರು ಬಂದರು. ರೊಟ್ಟಿಯವಳು ನನಗೆ ಬೈಯಲಿಲ್ಲ. ಮಗಳನ್ನು ಬಯಲಿಗೆ ಕಳಿಸುವ ದಿನ ಹೊದಿಯಲು ಕೊಡಬೇಕೆಂದು ಕೌದಿ ಹೊಲಿಯುತ್ತಾ ಕೂತಿದ್ದಾಳೆ ಅಂತ ಯಾರೋ ಹೇಳಿದರು. ಅದಕ್ಕಿಂತ ಬೈದಿದ್ದರೇ ಚೆನ್ನಾಗಿತ್ತು.

ಮೂರನೆಯ ಅಮಾವಾಸ್ಯೆಗೆ ಮೂರು ದಿನ ಉಳಿದಿತ್ತು. ಮಧ್ಯಾಹ್ನ ಊಟಕ್ಕೆ ಕೂತವನು ತುತ್ತು ಎತ್ತಲಾರದೆ ಹೆಂಡತಿಯ ಮುಂದೆ ಎಲ್ಲವನ್ನೂ ಹೇಳಿಬಿಟ್ಟೆ. ಪ್ರಶ್ನೆಯೇ ಇಲ್ಲದೆ ನಾನು ಇಷ್ಟು ಮಾತಾಡಿದ್ದನ್ನು ಕಂಡು ಅವಳು ಸೌಟು ಕೆಳಗಿಟ್ಟು ಕೇಳಿದಳು. ಅವತ್ತು ನಾನು ಹಾಗೆ ಅಂದೆ, ಅಂದ ಕೂಡಲೇ ಹಗ್ಗ ಕಿತ್ತಿತು, ಹುಡುಗಿಯ ಬಾಳು ನನ್ನಿಂದ ಹಾಳಾಯಿತು ಅಂದೆ.

“ಯಾವತ್ತು?” ಅಂದಳು.

“ಅವತ್ತು.”

“ನಿಮ್ಮ ಅವತ್ತಿನೊಳಗೆ ಒಂದು ವಾರ ತುರುಕಿದ್ದೀರಿ. ಹಾಗಂದೆ ಅಂತ ನೀವು ಮುಖ ಸಪ್ಪೆ ಮಾಡಿಕೊಂಡು ಬಂದದ್ದು ಬಸಳೆಸೊಪ್ಪಿನ ಸಾರಿನ ದಿನ. ಹಗ್ಗ ಕಿತ್ತಿತು ಅಂತ ಬಂದದ್ದು ಕಡಲೆಬೇಳೆ ಹೂರಣದ ದಿನ. ನಡುವೆ ನಾಲ್ಕು ದಿನ ಇದೆ. ಬಸಳೆ ದಿನವೇ ನಾನು ಹೇಳಿದ್ದೆನಲ್ಲ, ಆ ಹಗ್ಗ ಹೋದ ವರ್ಷವೇ ಬದಲಾಯಿಸಬೇಕಾಗಿತ್ತು ಅಂತ.”

ಅವಳು ಹೇಳಿದ್ದು ನಿಜ. ನಾನು ಆ ಮಾತು ಅಂದದ್ದು ನಿಜ, ಕಲ್ಲು ಭಾರವಾದದ್ದೂ ನಿಜ. ಆದರೆ ಹಗ್ಗ ಕಿತ್ತದ್ದು ಬೇರೆ ದಿನ, ಬೇರೆ ಕಾರಣಕ್ಕೆ. ಎರಡನ್ನೂ ನಾನೇ ಒಂದಕ್ಕೊಂದು ಗಂಟು ಹಾಕಿ ಹೊತ್ತುಕೊಂಡು ತಿರುಗುತ್ತಿದ್ದೆ. ಈಗ ತಾನೆ ನಿಮಗೂ ಹಾಗೆಯೇ ಹೇಳಿದೆ, ಗಮನಿಸಿದಿರಾ? ತರ್ಕಶಾಸ್ತ್ರದ ಡಿಗ್ರಿ ಇಟ್ಟುಕೊಂಡ ಮುದುಕನಿಗೇ ಹೀಗಾದರೆ ಹದಿಮೂರು ವರ್ಷದ ಹುಡುಗಿಗೆ ಏನಾಗಿರಬೇಡ?

ಮರುದಿನ ಬೆಳಿಗ್ಗೆ ಗಾಡಿ ಬಂತು. ಇನ್ನು ಎರಡೇ ದಿನ. ಹಮಾಲರು ಕಲ್ಲನ್ನು ಇಳಿಸಿ ಎಡದ ತಟ್ಟೆಗೆ ಉರುಳಿಸಿದರು. ಹೊಸ ಹಗ್ಗ ಕಿರುಗುಟ್ಟಿತು. ಹುಡುಗಿ ಕಾಲು ತೊಳೆದಳು. ತಾಯಿ ಹೊಸ್ತಿಲಾಚೆ ನಿಂತಳು, ಕೈಗೆ ಇನ್ನೂ ಜೋಳದ ಹಿಟ್ಟು ಅಂಟಿಕೊಂಡಿತ್ತು. ನಾನು ಬಲದ ತಟ್ಟೆಗೆ ಗುಂಡು ಇಟ್ಟೆ, ಇಟ್ಟೆ, ಇಟ್ಟೆ. ತೂಕದ ಮನೆಯಲ್ಲಿದ್ದ ಗುಂಡುಗಳೆಲ್ಲ ಮುಗಿದವು. ಕಲ್ಲಿನ ತಟ್ಟೆ ನೆಲ ಬಿಟ್ಟು ಏಳಲಿಲ್ಲ.

ಕಲ್ಲು ಏನನ್ನುತ್ತದೆ?

“ಅವತ್ತು ಇಳಿಸಿದೆ. ಅದಕ್ಕೇ ಹೋದಳು.” ಎಷ್ಟೋ ಸಲ ಹೇಳಿ ಹೇಳಿ ಆ ಮಾತಿನಲ್ಲಿ ದುಃಖವೂ ಉಳಿದಿರಲಿಲ್ಲ. ಸುಸ್ತು ಮಾತ್ರ ಇತ್ತು.

ಯಾವ ವಾರ ಅಂತ ಕೇಳುವ ಹಾಗಿರಲಿಲ್ಲ. ಪದ್ಧತಿಯಿದೆಯಲ್ಲ. ನಾನು ಪ್ರಶ್ನೆಯನ್ನು ಪಕ್ಕದ ಬಾಗಿಲಿನಿಂದ ಒಳಗೆ ತಂದೆ.

“ಅವತ್ತು ನಿಮ್ಮ ಮನೆಯಲ್ಲಿ ಯಾವ ಪಲ್ಯ?”

ಬಾಗಿಲಲ್ಲಿ ಬೀಡಿ ಹಚ್ಚುತ್ತಿದ್ದ ಹಮಾಲ, ಅಜ್ಜನಿಗೆ ಇಷ್ಟು ಬೇಗ ಹಸಿವಾಯಿತು ಅಂತ ಇನ್ನೊಬ್ಬನಿಗೆ ಹೇಳಿದ್ದು ನನಗೆ ಕೇಳಿಸಿತು. ಹುಡುಗಿ ಆ ಬೆಳಿಗ್ಗೆ ಮೊದಲ ಸಲ ತಲೆ ಎತ್ತಿದಳು. ರೊಟ್ಟಿ ಮಾರುವವರ ಮನೆಯಲ್ಲಿ ದಿನಕ್ಕೊಂದು ಪಲ್ಯ ಗೊತ್ತುಪಡಿಸಿರುತ್ತಾರೆ. ಕೊಳ್ಳುವವರು ಅದನ್ನು ನೋಡಿಕೊಂಡೇ ಬರುತ್ತಾರೆ. ಆ ಮನೆಯ ಮಕ್ಕಳು ಮರೆಯುವ ಸಂಗತಿಯಲ್ಲ ಅದು.

“ಇಳಿಸಿದ ದಿನಾನಾ? ಬದನೆಕಾಯಿ ಎಣ್ಣೆಗಾಯಿ.”

“ಚಿಕ್ಕವಳು ತಿಂದಳೆ?”

“ತಿಂದಳು. ತೊಟ್ಟು ಹಿಡಿದು ಚೀಪಿದಳು. ನನ್ನ ತಟ್ಟೆಯಲ್ಲಿದ್ದದ್ದನ್ನೂ ತಗೊಂಡಳು.”

“ಇಳಿಸುವುದಕ್ಕೆ ಮೊದಲೋ, ಆಮೇಲೋ?”

“ಆಮೇಲೆ. ಮನೆಗೆ ಬಂದ ಮೇಲೆ.”

“ಅವಳು ಹೋದ ದಿನ ಯಾವ ಪಲ್ಯ?”

“ಅವತ್ತು ಒಲೆ ಹಚ್ಚಲಿಲ್ಲ.”

“ಅದರ ಹಿಂದಿನ ದಿನ?”

“ಝುಣಕ. ಬಾಯಿ ಕಹಿ ಅಂತ ಅವಳು ಮುಟ್ಟಲಿಲ್ಲ.”

ಹೇಳಿದವಳು ತನ್ನ ಬೆರಳುಗಳನ್ನು ನೋಡಿಕೊಂಡಳು. ಬದನೆಕಾಯಿ ಒಂದು ಬೆರಳು. ಝುಣಕ ಒಂದು ಬೆರಳು. ನಡುವೆ ಎರಡು ಬೆರಳು ನಿಂತಿದ್ದವು. ಮೂರು ತಿಂಗಳಿಂದ ಆ ಎರಡು ಬೆರಳುಗಳ ನೆನಪೇ ಅವಳಿಗಿರಲಿಲ್ಲ.

“ಬದನೆಕಾಯಿ ಸೋಮವಾರ,” ಅಂದಳು ಮೆಲ್ಲಗೆ.

ಹೊಸ್ತಿಲಲ್ಲಿದ್ದವರು ಒಂದು ಹೆಜ್ಜೆ ಹಿಂದೆ ಸರಿದರು. ಹಮಾಲ ಬೀಡಿ ನೆಲಕ್ಕೆ ಒತ್ತಿದ. ಸಾವಿನ ದಿನಗಳಲ್ಲಿ ಒಂದನ್ನು ಹೆಸರು ಹಿಡಿದು ಕರೆದದ್ದು ನಮ್ಮ ಊರಿನಲ್ಲಿ ಅದೇ ಮೊದಲು. ಏನೂ ತಿರುಗಿ ಬರಲಿಲ್ಲ. ತಕ್ಕಡಿಯ ದಂಡಿ ಮಾತ್ರ ಒಂದು ಸಲ ನಡುಗಿತು.

“ಮಂಗಳವಾರ ಹೆಸರುಕಾಳು,” ಅಂದಳು. “ಬುಧವಾರ ಪುಂಡಿಪಲ್ಯ. ಗುರುವಾರ ಝುಣಕ.”

“ಹೆಸರುಕಾಳಿನ ದಿನ ಕೆರೆಗೆ ಹೋದೆಯಾ?”

“ಹೋದೆ. ಬಟ್ಟೆ ಇದ್ದವು.”

“ಚಿಕ್ಕವಳು?”

“ಬಂದಳು.”

“ನಡೆದುಕೊಂಡೋ?”

ಅವಳು ಎಡ ಸೊಂಟದ ಮೇಲೆ ಕೈ ಇಟ್ಟುಕೊಂಡಳು. ನನ್ನ ನಾಲಗೆಯ ತುದಿಗೆ ಉತ್ತರ ಬಂದು ನಿಂತಿತ್ತು. ಇಡೀ ಊರಿಗೆ ಗೊತ್ತಿದ್ದ ಉತ್ತರ ಅದು. ನಾನು ನಾಲಗೆಯನ್ನು ಕಚ್ಚಿ ಹಿಡಿದೆ. ಉಪ್ಪುಪ್ಪಾಗಿ ರಕ್ತದ ರುಚಿ ಬಂತು. ಹೊಸ್ತಿಲಾಚೆ ತಾಯಿ ಹಿಟ್ಟಿನ ಕೈಯಿಂದ ತನ್ನ ಬಾಯಿಯನ್ನು ಮುಚ್ಚಿಕೊಂಡಿದ್ದಳು.

“ಇಲ್ಲ,” ಅಂದಳು ಹುಡುಗಿ. “ಎತ್ಕೋ ಅಂದಳು. ಎತ್ತಿಕೊಂಡೆ. ಹೋಗ್ತಾ ಎತ್ತಿಕೊಂಡೆ, ಬರ್ತಾನೂ ಎತ್ತಿಕೊಂಡೆ. ಬಟ್ಟೆ ಗಂಟು ತಲೆ ಮೇಲೆ, ಅವಳು ಸೊಂಟದ ಮೇಲೆ.”

ಕಲ್ಲಿನ ತಟ್ಟೆ ಒಂದು ಬೆರಳಿನಷ್ಟು ನೆಲ ಬಿಟ್ಟಿತು. ನಾನು ಬಲದ ತಟ್ಟೆಯಿಂದ ಒಂದು ಗುಂಡು ತೆಗೆದೆ. ಆಮೇಲೆ ಕೇಳಿದ ಹಾಗೆಲ್ಲ ಒಂದೊಂದು ತೆಗೆಯುತ್ತಾ ಹೋದೆ. ಪುಂಡಿಪಲ್ಯದ ದಿನ ಚಿಕ್ಕವಳು ಇವಳ ಬೆನ್ನ ಮೇಲೆ ಕುದುರೆಯಾಟ ಆಡಿದ್ದಳು. ಆ ದಿನ ಸಂಜೆ ಮೈ ಬಿಸಿಯಾಯಿತು. ಝುಣಕದ ದಿನ ಜ್ವರ ಏರಿತು. ಮದ್ದಿನವಳ ಮನೆಗೆ ಯಾರು ಕರೆದುಕೊಂಡು ಹೋದರು ಅಂತ ಕೇಳಿದೆ.

“ಅವ್ವ ಮದ್ದಿಗೆ ದುಡ್ಡು ಕೇಳೋಕೆ ಹೋಗಿದ್ದಳು. ನಾನೇ. ಶುಕ್ರವಾರ ಬೆಳಿಗ್ಗೆ. ಎತ್ಕೋ ಅನ್ನೋಕೂ ಅವಳಿಗೆ ಆಗ್ತಿರಲಿಲ್ಲ, ಅಜ್ಜಾ. ನಾನೇ ಎತ್ತಿಕೊಂಡು ಓಡಿದೆ. ಅವಳ ತಲೆ ಇಲ್ಲಿತ್ತು.” ತನ್ನ ಎಡ ಭುಜವನ್ನು ಮುಟ್ಟಿಕೊಂಡಳು. ಅಳು ಬಂತು. ಮೂರು ತಿಂಗಳಲ್ಲಿ ಅವಳು ಅತ್ತದ್ದನ್ನು ನಾನು ನೋಡಿದ್ದು ಆಗಲೇ. ಅಳಲಿ ಅಂತ ಕಾದೆ. ಹಮಾಲರೂ ಕಾದರು.

ಮದ್ದಿನವಳ ಅಂಗಳದಲ್ಲಿ ಮತ್ತೆ ಯಾರಿದ್ದರು ಅಂತ ಕೇಳಿದೆ. ನೇಕಾರನ ಇಬ್ಬರು ಮಕ್ಕಳು, ಸುಣ್ಣದವಳ ಮಗಳು, ಗಾಣದವನ ಮೊಮ್ಮಗ ಅಂದಳು. ಎಲ್ಲರಿಗೂ ಅದೇ ಜ್ವರ. ಗಾಣದವನ ಮೊಮ್ಮಗನೂ ಉಳಿಯಲಿಲ್ಲ.

“ಅವನನ್ನು ಯಾರು ಇಳಿಸಿದ್ದರು?”

ಅವಳು ಮೂಗು ಒರೆಸಿಕೊಂಡು, ಇದೆಂಥ ಪ್ರಶ್ನೆ ಅನ್ನುವ ಹಾಗೆ ನೋಡಿದಳು. ಅವನನ್ನು ಯಾರು ಇಳಿಸ್ತಾರೆ ಅಜ್ಜಾ, ಹುಟ್ಟಿದಾಗಿನಿಂದ ಅವನ ಕಾಲಿಗೆ ಮಣ್ಣೇ ಅಂಟಿಲ್ಲ ಅಂತ ಬೀದಿಯವರೆಲ್ಲ ನಗ್ತಿದ್ದರಲ್ಲ ಅಂದಳು. ಅಂದವಳು ಅಲ್ಲೇ ನಿಂತಳು. ತನ್ನ ಮಾತು ತನಗೇ ಕೇಳಿಸಿತು.

ಇಷ್ಟಕ್ಕೇ ಮುಗಿಯಿತು ಅಂದುಕೊಂಡಿರಾ? ನಾನೂ ಅಂದುಕೊಂಡೆ. ನಾಲ್ಕು ಕೊಡಕ್ಕೆ ಇಳಿದಿದ್ದ ಕಲ್ಲು ಅಲ್ಲೇ ನಿಂತುಬಿಟ್ಟಿತು. ನಾಲ್ಕು ಕೊಡ ಹೊತ್ತು ಯಾವ ಹುಡುಗಿ ಬದುಕುತ್ತಾಳೆ?

“ಆದರೂ ಇಳಿಸಿದ್ದು ನಿಜ,” ಅಂದಳು. “ಎತ್ಕೋ ಅಂತ ಹಿಂದೆ ಹಿಂದೆ ಬಂದಳು. ಹುಣಸೆಮರದಿಂದ ಮನೆತನಕ ನಡೆಸಿದೆ. ಅದು ನಿಜ, ಅಜ್ಜಾ.”

ನಿಜವನ್ನು ಸುಳ್ಳು ಅನ್ನಲು ಯಾರಿಗೂ ಅಧಿಕಾರವಿಲ್ಲ. ಆ ತಪ್ಪನ್ನು ಒಂದು ಸಲ ಮಾಡಿದ್ದೆ.

“ಯಾಕೆ ಇಳಿಸಿದೆ?”

“ಸುಸ್ತಾಗಿತ್ತು. ಕೊಡ ಬೇರೆ ಇತ್ತು.”

“ಸುಸ್ತಾದವರು ಏನು ಮಾಡುತ್ತಾರೆ?”

ಅವಳು ಬಾಗಿಲ ಕಡೆ ನೋಡಿದಳು. ನಾಲ್ವರು ಹಮಾಲರು ಅಲ್ಲಿ ಗೋಡೆಗೊರಗಿ ಕೂತಿದ್ದರು. ದಿನವಿಡೀ ಹೊರುವವರು, ದಿನವಿಡೀ ಇಳಿಸುವವರು. ತಲೆಗೆ ಸುತ್ತಿದ್ದ ಬಟ್ಟೆ ಬಿಚ್ಚಿ ಬೆವರು ಒರೆಸಿಕೊಳ್ಳುತ್ತಿದ್ದರು. ಬೀದಿಯಲ್ಲಿ ಕುತ್ತಿಗೆ ಕುಸಿದ ಜನ ತಮ್ಮ ತಮ್ಮ ಕಲ್ಲು ಹೊತ್ತು ಹೋಗುತ್ತಿದ್ದರು. ಅವಳು ಎಲ್ಲರನ್ನೂ ನೋಡಿದಳು.

“ಇಳಿಸ್ತಾರೆ,” ಅಂದಳು.

“ಆಮೇಲೆ?”

“ಮತ್ತೆ ಎತ್ತಿಕೊಳ್ತಾರೆ.”

ದಂಡಿ ಮೆಲ್ಲಗೆ ಓಲಾಡತೊಡಗಿತು. ನಾನು ಗುಂಡು ತೆಗೆದೆ, ಇನ್ನೊಂದು ತೆಗೆದೆ, ಮೂರನೆಯದರ ಜಾಗಕ್ಕೆ ಅರೆಗೊಡ ಇಟ್ಟೆ. ಬಲದ ತಟ್ಟೆಯಲ್ಲಿ ಒಂದು ಕೊಡ, ಒಂದು ಅರೆಗೊಡ ಉಳಿದವು. ಎರಡು ತಟ್ಟೆಗಳೂ ಸಮಕ್ಕೆ ಬಂದು ನಿಂತವು. ಇನ್ನೂ ಇಳಿಯಬಹುದೇನೋ ಅಂತ ಕಾದೆ. ಇಳಿಯಲಿಲ್ಲ. ಅಲ್ಲಿಗೆ ಅದು ತನ್ನ ತೂಕಕ್ಕೆ ಬಂದಿತ್ತು. ಪೂರಾ ಇಲ್ಲವಾದ ಕಲ್ಲನ್ನು ನಾನು ಈ ಮೂವತ್ತೊಂದು ವರ್ಷದಲ್ಲಿ ನೋಡಿಲ್ಲ; ಹಾಗೆ ಇಲ್ಲವಾಗಲಿ ಅಂತ ಬಯಸಿದವರನ್ನೂ ಹೆಚ್ಚು ನೋಡಿಲ್ಲ.

ಕೊನೆಗೆ ಪದ್ಧತಿಯ ಪ್ರಕಾರ ಮತ್ತೊಮ್ಮೆ ಕೇಳಬೇಕು. ಕೇಳಿದೆ.

“ಈಗ ಕಲ್ಲು ಏನನ್ನುತ್ತದೆ?”

ಹುಡುಗಿ ತಟ್ಟೆಯ ಹತ್ತಿರ ಬಂದು ಬಗ್ಗಿದಳು. ಕಿವಿ ಇಟ್ಟಳು ಅಂತ ಹಮಾಲರು ಊರಿಗೆಲ್ಲ ಹೇಳಿದರು, ಅದು ಸುಳ್ಳು. ಸುಮ್ಮನೆ ಬಗ್ಗಿ ನೋಡಿದಳು.

“ಎತ್ಕೋ ಅನ್ನುತ್ತೆ.”

ಎರಡು ಕೈ ಹಾಕಿ ಎತ್ತಿದಳು. ತಲೆಯ ಮೇಲೆ ಇಟ್ಟುಕೊಳ್ಳುತ್ತಾಳೆ ಅಂತ ನಾನು ಸಿಂಬಿ ತೆಗೆದಿಟ್ಟಿದ್ದೆ. ಅವಳು ಅದನ್ನು ನೋಡಲೇ ಇಲ್ಲ. ಅವಳ ಎಡ ಸೊಂಟ ತಾನಾಗಿಯೇ ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟಿತು. ಕಲ್ಲು ಅಲ್ಲಿ ಹೋಗಿ ಕೂತಿತು. ಒಂದು ಸಲ ಮೇಲಕ್ಕೆ ಕುಲುಕಿ ಸರಿಮಾಡಿಕೊಂಡಳು.

“ಇಷ್ಟೇ ಇದ್ದಳು,” ಅಂದಳು.

ಹೊಸ್ತಿಲು ದಾಟಿದಳು. ತಾಯಿ ಹಿಟ್ಟಿನ ಕೈಯಲ್ಲಿ ಮಗಳ ಕೆನ್ನೆ ಒರೆಸಿದಳು. ಕೆನ್ನೆಯ ಮೇಲೆ ಬಿಳಿ ಗೆರೆ ಉಳಿಯಿತು. ಹಮಾಲರಲ್ಲೊಬ್ಬ, ಹಾಗಾದರೆ ಗಾಡಿ ಖಾಲಿ ಹೊಡೆದುಕೊಂಡು ಹೋಗಬೇಕಾ ಅಂತ ಗೊಣಗಿದ. ಇನ್ನೊಬ್ಬ ಅವನ ತಲೆಗೆ ಮೊಟಕಿದ. ತಾಯಿ ಮಗಳು ಬೀದಿ ಹಿಡಿದು ನಡೆದರು. ನಾನು ಬಾಗಿಲಿಗೆ ಬಂದು ನೋಡುತ್ತಾ ನಿಂತೆ. ಹುಣಸೆಮರದ ಹತ್ತಿರ ಹುಡುಗಿ ನಿಂತಳು. ಅದೇ ಮರ. ಕಲ್ಲನ್ನು ಕೆಳಗಿಳಿಸಿದಳು. ನಾನು ಹೊಸ್ತಿಲು ದಾಟಿ ಒಂದು ಹೆಜ್ಜೆ ಮುಂದಿಟ್ಟೆ. ಅವಳು ಬೇರಿನ ಮೇಲೆ ಕೂತು, ಕಾಲು ಚಾಚಿ, ತಲೆಯ ಮೇಲೆ ಸೆರಗಿಲ್ಲದ ತಾಯಿಯ ಮಡಿಲಿಗೆ ತಲೆ ಇಟ್ಟು ಸ್ವಲ್ಪ ಹೊತ್ತು ಸುಧಾರಿಸಿಕೊಂಡಳು. ಸೆರಗು ಎಲ್ಲಿ ಹೋಯಿತು ಅಂದಿರಾ? ತಾಯಿ ಅದನ್ನು ತಲೆಯಿಂದ ಇಳಿಸಿ ಪಕ್ಕದಲ್ಲಿದ್ದ ಕಲ್ಲಿಗೆ ಹೊದಿಸಿದ್ದಳು, ಬಿಸಿಲಿತ್ತಲ್ಲ. ಆಮೇಲೆ ಹುಡುಗಿ ಎದ್ದಳು. ಬಗ್ಗಿ ಎತ್ತಿಕೊಂಡಳು. ಹೋದಳು.

ಆ ಕೌದಿ ಬಯಲಿಗೆ ಹೋಗಲಿಲ್ಲ. ಹುಡುಗಿ ಅದನ್ನು ಹೊದ್ದು ಮಲಗುತ್ತಾಳಂತೆ, ಕಲ್ಲನ್ನು ಪಕ್ಕದಲ್ಲಿ ಇಟ್ಟುಕೊಂಡು. ಕೆಲವು ದಿನ ಎತ್ತಿಕೊಂಡು ಓಡಾಡುತ್ತಾಳೆ, ಕೆಲವು ದಿನ ಮನೆಯಲ್ಲೇ ಬಿಟ್ಟು ಬರುತ್ತಾಳೆ. ಮೊನ್ನೆ ಬೀದಿಯಲ್ಲಿ ಸಿಕ್ಕಳು, ಸುಸ್ತಾಗಿದ್ದಳು. ಆದರೆ ದಿನದ ಕೆಲಸ ಮಾಡಿ ಬಂದವರ ಸುಸ್ತು ಅದು. ಏನಜ್ಜಾ, ಈಗ ಉತ್ತರ ಹೇಳೋಕೆ ಶುರು ಮಾಡಿದ್ದೀಯಂತೆ, ಊರವರಿಗೆ ಕಿವಿ ನೋವಂತೆ ಅಂತ ನಕ್ಕಳು.

ಹೌದು, ಹೇಳುತ್ತೇನೆ. ನಮ್ಮ ಊರಿನ ಹಿರಿಯರು ಈಗಲೂ ನನ್ನನ್ನು ಕಂಡರೆ ಮುಖ ತಿರುಗಿಸುತ್ತಾರೆ. ದಿನದ ಹೆಸರು ಹೇಳುವ ಚಟ ಊರಿಗೆ ಹಚ್ಚಿದವನು ನಾನು ಅಂತ. ಹಚ್ಚಿದ್ದು ನಾನಲ್ಲ, ನನ್ನ ಹೆಂಡತಿ ಅಂದರೆ ನಂಬುವುದಿಲ್ಲ. ನೀವಾದರೂ ನಂಬಿ. ಮತ್ತೆ ಯಾರಾದರೂ ನಿಮ್ಮನ್ನು ಈ ಕಥೆ ಯಾವತ್ತಿನದು ಅಂತ ಕೇಳಿದರೆ, ಅವತ್ತಿನದು ಅಂತ ಮಾತ್ರ ಹೇಳಬೇಡಿ. ನಮ್ಮ ಮನೆಯಲ್ಲಿ ಹುರುಳಿಕಾಳು ಸಾರು ಮಾಡಿದ್ದರು. ಭಾದ್ರಪದ ಬಹುಳ ತ್ರಯೋದಶಿ, ಬುಧವಾರ.